ಹಳೆಯ ಧ್ವನಿಯಂತ್ರಗಳು

ಗೃಹಬಳಕೆಗಾಗಿಯೂ ಪ್ರಯಾಣದಲ್ಲಿ ಒಯ್ಯುವುದಕ್ಕಾಗಿಯೂ ನಿರ್ಮಿತವಾಗಿ, ಈಗ ಉತ್ಪಾದನೆಯಿಂದ ಬಹುಮಟ್ಟಿಗೆ ಹೊರಬಿದ್ದಿದ್ದರೂ ಸಂಗೀತಾಸಕ್ತರ ಮನೆಗಳಲ್ಲಿ ಇನ್ನೂ ನುಡಿಯುತ್ತಿರುವ ಗ್ರಾಮಫೋನು, ವಾಲ್ವ್ ರೇಡಿಯೋ, ರೆಕಾರ್ಡ್ ಪ್ಲೇಯರ್, ಆಂಪ್ಲಿಫೈಯರ್, ಸ್ಪೂಲ್ ಮತ್ತು ಕ್ಯಾಸೆಟ್ ಟೇಪ್ ರೆಕಾರ್ಡರ್, ಟ್ರಾನ್ಸಿಸ್ಟರ್, ವಾಕ್‌ಮನ್ ಮುಂತಾದ ಉಪಕರಣಗಳಿಗೆ ಸಾಮಾನ್ಯವಾಗಿ ಸಲ್ಲುವ ಹೆಸರು. ನಾಣ್ಯ, ಅಂಚೆಚೀಟಿ, ತಾಳೆಯೋಲೆ ಮೊದಲಾದವುಗಳ ಸಂಗ್ರಹಕ್ಕೂ ಈ ಯಂತ್ರಗಳ ಸಂಗ್ರಹಕ್ಕೂ ಒಂದು ಮುಖ್ಯವಾದ ಅಂತರವುಂಟು. ನಾಣ್ಯವನ್ನು ಮುಟ್ಟದೆ ಇಟ್ಟಷ್ಟೂ ಅದರ ಬೆಲೆ ಉಳಿಯುತ್ತದೆ. ಧ್ವನಿಯಂತ್ರವಾದರೋ ಮುಟ್ಟದೆ ಇಟ್ಟಷ್ಟೂ ಕೆಡುತ್ತದೆ. ಎಣ್ಣೆ ಗಟ್ಟಿಯಾಗುವುದು, ರಬ್ಬರು ಜಿಗುಟಾಗುವುದು, ಕಂಡೆನ್ಸರುಗಳು ಒಣಗುವುದು, ಸ್ಪ್ರಿಂಗು ತುಕ್ಕು ಹಿಡಿಯುವುದು, ಇವೆಲ್ಲವೂ ನಿಷ್ಕ್ರಿಯತೆಯಿಂದ ಹೆಚ್ಚುವ ವ್ಯಾಧಿಗಳು. ಆದುದರಿಂದ ಈ ಕ್ಷೇತ್ರದಲ್ಲಿ ಒಡೆತನ, ಪಾಲನೆ, ಆಸ್ವಾದನೆ ಎಂಬ ಮೂರೂ ಬೇರೆ ಬೇರೆಯಲ್ಲ. ಆಗಾಗ್ಗೆ ನುಡಿಸುವುದೇ ಯಂತ್ರವನ್ನು ಉಳಿಸುವ ಮೊದಲನೆಯ ಉಪಾಯ.

ಗ್ರಾಮಫೋನು ಮತ್ತು ಅರಗಿನ ತಟ್ಟೆ

ಧ್ವನಿಯನ್ನು ಮುದ್ರಿಸಿ ಮರಳಿ ಕೇಳಿಸಿದ ಮೊದಲ ಯಂತ್ರವನ್ನು ಅಮೆರಿಕದ ಥಾಮಸ್ ಆಲ್ವಾ ಎಡಿಸನ್ನನು 1877ರಲ್ಲಿ ನಿರ್ಮಿಸಿದನು. ತವರದ ಹಾಳೆ ಸುತ್ತಿದ ಉರುಳೆಯ ಮೇಲೆ ಸೂಜಿಯು ಗೀರುಗಳನ್ನು ಕೊರೆಯುತ್ತಿದ್ದ ಆ ಫೋನೋಗ್ರಾಫಿನಲ್ಲಿ ಒಂದರಿಂದ ಅನೇಕ ಪ್ರತಿಗಳನ್ನು ಮಾಡುವ ಸೌಕರ್ಯವಿರಲಿಲ್ಲ. ಹತ್ತು ವರ್ಷಗಳ ತರುವಾಯ, 1887ರಲ್ಲಿ, ಜರ್ಮನಿಯಿಂದ ಅಮೆರಿಕಕ್ಕೆ ಬಂದು ನೆಲೆಸಿದ್ದ ಎಮಿಲ್ ಬರ್ಲಿನರನು ಉರುಳೆಗೆ ಬದಲಾಗಿ ಚಪ್ಪಟೆಯಾದ ತಟ್ಟೆಯನ್ನು ಯೋಜಿಸಿ, ಒಂದು ಅಚ್ಚಿನಿಂದ ಸಾವಿರಾರು ತಟ್ಟೆಗಳನ್ನು ಒತ್ತಿ ತೆಗೆಯುವ ಮಾರ್ಗವನ್ನು ತೆರೆದನು. ಈ ತಟ್ಟೆಗಳಿಗೆ ಬೇಕಾದ ಅಂಟುದ್ರವ್ಯವು ಅರಗು. ಆ ಕಾಲದಲ್ಲಿ ಅದರ ಪ್ರಧಾನ ಮೂಲವು ಭಾರತದ ಅರಣ್ಯಗಳು. ಅರಗಿಗೆ ನುಣ್ಣನೆಯ ಕಲ್ಲಿನ ಪುಡಿಯನ್ನೂ ಮಸಿಯನ್ನೂ ಬೆರೆಸಿ ಒತ್ತಿದ ಹತ್ತಂಗುಲದ ತಟ್ಟೆಯು ನಿಮಿಷಕ್ಕೆ ಸುಮಾರು 78 ಸುತ್ತುಗಳಂತೆ ತಿರುಗಿ, ಒಂದು ಮಗ್ಗುಲಲ್ಲಿ ಮೂರು ನಿಮಿಷಗಳಷ್ಟು ಸಂಗೀತವನ್ನು ಕೊಡುತ್ತಿತ್ತು. ಕನ್ನಡಿಗರ ಬಾಯಲ್ಲಿ ‘ಪ್ಲೇಟು’ ಎನಿಸಿಕೊಂಡ ವಸ್ತುವು ಇದೇ.

ಈ ಮೂರು ನಿಮಿಷಗಳ ಮಿತಿಯು ಭಾರತೀಯ ಸಂಗೀತದ ಮೇಲೆ ಮಾಡಿದ ಪರಿಣಾಮವು ಸಾಮಾನ್ಯವಾದುದಲ್ಲ. ಲಂಡನ್ನಿನ ಗ್ರಾಮಫೋನ್ ಕಂಪನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗನು 1902ರಲ್ಲಿ ಕಲ್ಕತ್ತೆಗೆ ಬಂದು, ಆ ವರ್ಷದ ನವೆಂಬರಿನಲ್ಲಿ ಪ್ರಸಿದ್ಧ ಗಾಯಕಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡನು. ರಾತ್ರಿಯಿಡೀ ಹಾಡಿದರೂ ಮುಗಿಯದ ರಾಗವನ್ನು ಮೂರು ನಿಮಿಷಗಳೊಳಗೆ ಅಡಕಮಾಡಿ, ಕೊನೆಯಲ್ಲಿ ಆಕೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದುದು ಹಮ್ಮಿನಿಂದಲ್ಲ. ಮೂಲ ಮುದ್ರಿಕೆಗಳು ತಟ್ಟೆಗಳಾಗುವುದಕ್ಕಾಗಿ ಜರ್ಮನಿಯ ಹ್ಯಾನೋವರಿಗೆ ಹೋಗುತ್ತಿದ್ದುದರಿಂದ, ಅಲ್ಲಿನ ಕೆಲಸಗಾರರಿಗೆ ಗಾಯಕಿ ಯಾರೆಂದು ತಿಳಿಯಲಿ ಎಂಬುದಕ್ಕಾಗಿ. ಇದೇ ಗೌಹರ್ ಜಾನ್ ತಮ್ಮ ಕಡೆಗಾಲದಲ್ಲಿ, 1928ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನವಿದುಷಿಯಾಗಿ ಮೈಸೂರಿಗೆ ಬಂದು, 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು.

ಕೀಲಿ ಕೊಟ್ಟು ನುಡಿಸತಕ್ಕ ಗ್ರಾಮಫೋನಿನಲ್ಲಿ ವಿದ್ಯುತ್ತಿನ ಕೆಲಸವು ಏನೇನೂ ಇಲ್ಲ. ಉಕ್ಕಿನ ಸ್ಪ್ರಿಂಗು ಬಿಚ್ಚಿಕೊಳ್ಳುವ ಬಲದಿಂದ ತಟ್ಟೆಯು ತಿರುಗುತ್ತದೆ. ಮೂರು ಸಣ್ಣ ಗುಂಡುಗಳನ್ನುಳ್ಳ ನಿಯಂತ್ರಕವು ಆ ವೇಗವನ್ನು ಹದದಲ್ಲಿಡುತ್ತದೆ. ಮುಳ್ಳು ತಟ್ಟೆಯ ಗೀರಿನಲ್ಲಿ ಅಲುಗಾಡಿದ ಕಂಪನವು ಸೌಂಡ್ ಬಾಕ್ಸಿನೊಳಗಣ ತೆಳುವಾದ ಪಟಲಕ್ಕೆ ಮುಟ್ಟಿ, ಕಹಳೆಯ ಮೂಲಕ ಹಿಗ್ಗಿ ಹೊರಬೀಳುತ್ತದೆ. ಕಹಳೆಯು ಮೊದಮೊದಲು ಪೆಟ್ಟಿಗೆಯ ಹೊರಗಿದ್ದು, ಮುಂದೆ ಒಳಗೆ ಮಡಿಕೆಯಾಗಿ ಅಡಗಿತು. ಎಚ್.ಎಂ.ವಿ. ಸಂಸ್ಥೆಯು 1931ರಲ್ಲಿ ಹೊರತಂದ 102 ಎಂಬ ಕೈಪೆಟ್ಟಿಗೆಯ ಮಾದರಿಯು ಈ ವರ್ಗದಲ್ಲಿ ಅತ್ಯಂತ ಪಕ್ವವಾದುದೆಂದು ಸಂಗ್ರಾಹಕರ ಅಭಿಪ್ರಾಯ. ಇದನ್ನು ನುಡಿಸುವ ಕ್ರಮದಲ್ಲಿ ಒಂದು ನಿಯಮವನ್ನು ಮೀರಲಾಗದು: ಉಕ್ಕಿನ ಮುಳ್ಳನ್ನು ಒಂದು ಮಗ್ಗುಲಿಗೆ ಒಂದರಂತೆ ಬದಲಾಯಿಸತಕ್ಕದ್ದು. ತಟ್ಟೆಯಲ್ಲಿರುವ ಕಲ್ಲಿನ ಪುಡಿಯು ಮೊದಲ ಕೆಲವು ಸುತ್ತುಗಳಲ್ಲಿಯೇ ಮುಳ್ಳಿನ ತುದಿಯನ್ನು ಸವೆಯಿಸಿ ಗೀರಿನ ಆಕಾರಕ್ಕೆ ತರುತ್ತದೆ; ಹಾಗೆ ಸವೆದು ಅಂಚು ಮೂಡಿದ ಮುಳ್ಳನ್ನು ಮತ್ತೊಂದು ಪ್ಲೇಟಿಗೆ ಇಟ್ಟರೆ ಅದು ಉಳಿಯಂತೆ ಗೀರನ್ನು ಕೆತ್ತುತ್ತ ಹೋಗುವುದು. ಮುಳ್ಳುಗಳು 200ರ ಲೆಕ್ಕದಲ್ಲಿ ಪುಟ್ಟ ತಗಡಿನ ಡಬ್ಬಿಗಳಲ್ಲಿ ಮಾರಾಟವಾಗುತ್ತಿದ್ದುದಕ್ಕೆ ಕಾರಣವಿದೇ.

ವಾಲ್ವ್ ರೇಡಿಯೋ

ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂದು ದೇಶವೆಲ್ಲ ಬಲ್ಲ ಹೆಸರು ಆ ಕೇಂದ್ರದ್ದೇ. ಆಗಿನ ರೇಡಿಯೋವೆಂದರೆ ಹೊಳಪಿನ ಮರದ ಪೆಟ್ಟಿಗೆ, ಮುಂದೆ ಬಟ್ಟೆ ಬಿಗಿದ ಸ್ಪೀಕರು, ದೆಹಲಿ, ಕೊಲಂಬೋ, ಲಂಡನ್ ಎಂದು ಊರುಗಳ ಹೆಸರು ಬರೆದ ಗಾಜಿನ ಡಯಲು. ಗುಂಡಿ ತಿರುಗಿಸಿದೊಡನೆ ಅದು ನುಡಿಯುವುದಿಲ್ಲ. ವಾಲ್ವುಗಳೊಳಗಣ ತಂತು ಕೆಂಪಗೆ ಕಾದು, ಅರ್ಧ ನಿಮಿಷದ ಬಳಿಕ ಮೆಲ್ಲನೆ ಗುಂಯ್‌ಗುಟ್ಟುವ ಸದ್ದು ಮೂಡಿ, ಕೆಲವು ಮಾದರಿಗಳಲ್ಲಿ ‘ಮ್ಯಾಜಿಕ್ ಐ’ ಎಂಬ ಸಣ್ಣ ನಳಿಕೆಯಲ್ಲಿ ಹಸುರು ಬೆಳಕಿನ ಎರಡು ರೆಕ್ಕೆಗಳು ತೆರೆಯುತ್ತವೆ; ಮುಳ್ಳು ಕೇಂದ್ರದ ಮೇಲೆ ಸರಿಯಾಗಿ ಕೂತಾಗ ಆ ರೆಕ್ಕೆಗಳು ಒಂದರ ಹತ್ತಿರ ಮತ್ತೊಂದು ಸರಿಯುತ್ತವೆ.

ಫಿಲಿಪ್ಸ್, ಮರ್ಫಿ, ಬುಷ್, ನ್ಯಾಷನಲ್ ಎಕೋ ಎಂಬವು ಭಾರತದ ಮಧ್ಯಮವರ್ಗದ ಮನೆಗಳಲ್ಲಿ ಪರಿಚಿತವಾಗಿದ್ದ ಹೆಸರುಗಳು. ರೇಡಿಯೋ ಇಟ್ಟುಕೊಳ್ಳುವುದಕ್ಕೆ ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ಲೈಸೆನ್ಸು ಪಡೆಯಬೇಕಾಗಿದ್ದು, ಈ ಪದ್ಧತಿಯು 1980ರ ದಶಕದವರೆಗೂ ನಡೆದುಬಂದಿತು. ಆಕಾಶವಾಣಿಯು 1952ರಲ್ಲಿ ಚಿತ್ರಗೀತೆಗಳನ್ನು ದೂರವಿಟ್ಟಾಗ ಶ್ರೋತೃಗಳು ಹ್ರಸ್ವ ತರಂಗದಲ್ಲಿ ರೇಡಿಯೋ ಸಿಲೋನಿನ ಬಿನಾಕಾ ಗೀತಮಾಲಾವನ್ನು ಹುಡುಕಿಕೊಂಡು ಹೋದರು. 1957ರಲ್ಲಿ ವಿವಿಧ ಭಾರತಿಯು ಆರಂಭವಾದುದು ಈ ಹಿನ್ನೆಲೆಯಲ್ಲಿ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1961ರಿಂದ ರೇಡಿಯೋ ವಾಲ್ವುಗಳನ್ನೂ, ಅದರ ಮರುವರ್ಷದಿಂದ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನೂ ತಯಾರಿಸತೊಡಗಿದ್ದರಿಂದ, ದೇಶದ ಅನೇಕ ಹಳೆಯ ರೇಡಿಯೋಗಳನ್ನು ಬಿಚ್ಚಿದರೆ ಒಳಗೆ ಬೆಂಗಳೂರಿನ ‘ಬೆಲ್’ ಮುದ್ರೆಯು ಕಾಣಸಿಗುತ್ತದೆ.

ದೀರ್ಘವಾದನ ತಟ್ಟೆ ಮತ್ತು ಹೈ-ಫೈ

ಅಮೆರಿಕದ ಕೊಲಂಬಿಯಾ ಸಂಸ್ಥೆಯು 1948ರಲ್ಲಿ ವಿನೈಲ್ ಎಂಬ ಕೃತಕ ದ್ರವ್ಯದ, ನಿಮಿಷಕ್ಕೆ 33⅓ ಸುತ್ತಿನ ದೀರ್ಘವಾದನ ತಟ್ಟೆಯನ್ನು ಹೊರತಂದಿತು, ಮರುವರ್ಷ ಆರ್.ಸಿ.ಎ. ಸಂಸ್ಥೆಯು 45 ಸುತ್ತಿನ ಸಣ್ಣ ತಟ್ಟೆಯನ್ನು ತಂದಿತು. ಗೀರುಗಳು ಕಿರಿದಾದುದರಿಂದ ಒಂದು ಮಗ್ಗುಲಲ್ಲಿ ಇಪ್ಪತ್ತು ನಿಮಿಷಗಳಿಗೂ ಮಿಗಿಲಾದ ಸಂಗೀತವು ಹಿಡಿಸಿತು. ಒಂದು ರಾಗವನ್ನು ವಿಲಂಬದಿಂದ ದ್ರುತದವರೆಗೆ ಬೆಳೆಯಿಸುವ ಅವಕಾಶವು ಹಿಂದುಸ್ತಾನಿ ಗಾಯಕರಿಗೆ ಮುದ್ರಿಕೆಯಲ್ಲಿ ದೊರೆತದ್ದು ಆಗಲೇ. 1958ರ ಹೊತ್ತಿಗೆ ಎಡಬಲಗಳ ಭೇದವನ್ನು ತೋರುವ ಸ್ಟೀರಿಯೋ ತಟ್ಟೆಗಳು ಮಾರುಕಟ್ಟೆಗೆ ಬಂದವು.

ನುಡಿಸುವ ಉಪಕರಣಗಳೂ ಈ ಅವಧಿಯಲ್ಲಿ ಉತ್ಕರ್ಷವನ್ನು ಮುಟ್ಟಿದವು. ಇಂಗ್ಲೆಂಡಿನ ಗ್ಯಾರಾರ್ಡ್ 301, ಸ್ವಿಟ್ಜರ್ಲೆಂಡಿನ ಥೋರೆನ್ಸ್ ಟಿಡಿ 124 ಎಂಬ ಟರ್ನ್‌ಟೇಬಲುಗಳೂ, ಪೀಟರ್ ವಾಕರ್ ರೂಪಿಸಿ 1957ರಲ್ಲಿ ಹೊರತಂದ ಕ್ವಾಡ್ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರೂ ಇಂದಿಗೂ ಸಂಗ್ರಾಹಕರ ಗೌರವಕ್ಕೆ ಪಾತ್ರವಾಗಿವೆ. ಬೆಲ್ಟಿನ ಸಹಾಯವಿಲ್ಲದೆ ಮೋಟಾರಿನ ಮೇಲೆಯೇ ತಟ್ಟೆ ತಿರುಗುವ ಜಪಾನಿನ ಟೆಕ್ನಿಕ್ಸ್ ಎಸ್‌ಎಲ್-1200 ಮಾದರಿಯು 1972ರಲ್ಲಿ ಹುಟ್ಟಿ, 2010ರಲ್ಲಿ ನಿಂತು, ಬೇಡಿಕೆಯ ಬಲದಿಂದ 2016ರಲ್ಲಿ ಮರುಹುಟ್ಟು ಪಡೆಯಿತು. ಇಂಥವು ಭಾರತದಲ್ಲಿ ದುರ್ಲಭವಾಗಿದ್ದವು. ಆಮದಿನ ನಿರ್ಬಂಧಗಳ ಆ ದಿನಗಳಲ್ಲಿ ನಮ್ಮ ಮನೆಗಳನ್ನು ತುಂಬಿದುದು ಮುಚ್ಚಳದಲ್ಲಿಯೋ ಪೆಟ್ಟಿಗೆಯಲ್ಲಿಯೋ ಸ್ಪೀಕರನ್ನು ಅಡಗಿಸಿಕೊಂಡ, ಸೂಟ್‌ಕೇಸಿನಂತೆ ಒಯ್ಯಬಹುದಾಗಿದ್ದ ಎಚ್.ಎಂ.ವಿ. ಫಿಯೆಸ್ಟಾದಂಥ ಸರಳ ಪ್ಲೇಯರುಗಳು. ಉತ್ಸಾಹಿಗಳಿಗೆ ಕಾಸ್ಮಿಕ್, ಸೋನೋಡೈನ್ ಮೊದಲಾದ ಸ್ವದೇಶಿ ಸ್ಟೀರಿಯೋಗಳು.

ಟೇಪು, ಟ್ರಾನ್ಸಿಸ್ಟರು, ವಾಕ್‌ಮನ್

ಕಾಂತೀಯ ಟೇಪಿನ ಮೇಲೆ ಧ್ವನಿಯನ್ನು ಮುದ್ರಿಸುವ ಮ್ಯಾಗ್ನೆಟೋಫೋನ್ ಯಂತ್ರವು 1935ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಮನೆಯವರೇ ಮುದ್ರಿಸಿಕೊಳ್ಳಬಹುದೆಂಬುದು ಟೇಪಿನ ವಿಶೇಷ. ಸಭೆಯಲ್ಲಿ ನಡೆದ ಕಚೇರಿಗಳು ಖಾಸಗಿ ಸ್ಪೂಲುಗಳಲ್ಲಿ ಉಳಿದುಬಂದಿರುವುದು ಇದರಿಂದಲೇ. ಫಿಲಿಪ್ಸ್ ಸಂಸ್ಥೆಯು 1963ರಲ್ಲಿ ಪ್ರಕಟಿಸಿದ ಕ್ಯಾಸೆಟ್ಟಿನಲ್ಲಿ ಟೇಪಿನ ಅಗಲವು 3.81 ಮಿಲಿಮೀಟರು, ವೇಗವು ಸೆಕೆಂಡಿಗೆ 4.76 ಸೆಂಟಿಮೀಟರು. ಮಾತಿಗೆಂದು ಹುಟ್ಟಿದ ಈ ಪುಟ್ಟ ಸಾಧನವು ಕ್ರಮೇಣ ಸಂಗೀತವನ್ನೂ ಆಕ್ರಮಿಸಿಕೊಂಡಿತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟೆಂದು ಪ್ರಸಿದ್ಧವಾದ, ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಕೂಡಿಸಿದ ‘ನಿತ್ಯೋತ್ಸವ’ವು 1978ರಲ್ಲಿ ಬಂದ ಮೇಲೆ ಸುಗಮಸಂಗೀತವು ನಾಡಿನ ಮನೆಮನೆಯನ್ನು ಹೊಕ್ಕಿತು. ಕರಾವಳಿಯಲ್ಲಿ ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದವರು ರಜೆಗೆ ಬರುವಾಗ ಹೊತ್ತು ತಂದ ‘ಟೂ ಇನ್ ಒನ್’ ಎಂಬ ರೇಡಿಯೋ-ಕ್ಯಾಸೆಟ್ ಯಂತ್ರಗಳಲ್ಲಿ ಯಕ್ಷಗಾನದ ಕ್ಯಾಸೆಟ್ಟುಗಳು ರಾತ್ರಿಯೆಲ್ಲ ನುಡಿದವು.

1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜನಿಸಿದ ಟ್ರಾನ್ಸಿಸ್ಟರು ರೇಡಿಯೋವನ್ನು ಮೇಜಿನಿಂದ ಜೇಬಿಗೆ ಇಳಿಸಿತು. ಅಮೆರಿಕದ ರೀಜೆನ್ಸಿ ಟಿಆರ್-1 ಎಂಬ ಜೇಬು ರೇಡಿಯೋ 1954ರಲ್ಲಿಯೂ, ಜಪಾನಿನ ಸೋನಿ ಟಿಆರ್-55 ಮರುವರ್ಷವೂ ಮಾರುಕಟ್ಟೆಗೆ ಬಂದವು. ವಿದ್ಯುತ್ತಿಲ್ಲದ ಹಳ್ಳಿಯಲ್ಲಿಯೂ ಹೊಲದ ಬದುವಿನ ಮೇಲೆ ಕೃಷಿರಂಗವನ್ನು ಕೇಳುವುದು ಸಾಧ್ಯವಾದುದು ಈ ವರ್ಗದ ಯಂತ್ರಗಳಿಂದ. ಕಡೆಯದಾಗಿ 1979ರ ಜುಲೈ 1ರಂದು ಸೋನಿ ಸಂಸ್ಥೆಯು ಬಿಡುಗಡೆಮಾಡಿದ ವಾಕ್‌ಮನ್, ಸಂಗೀತವನ್ನು ಏಕಾಂತದ ಸಂಗಾತಿಯನ್ನಾಗಿಸಿತು. ಮೊದಲ ಮಾದರಿಯಲ್ಲಿ ಇಬ್ಬರು ಕೂಡಿ ಕೇಳಲೆಂದು ಎರಡು ಹೆಡ್‌ಫೋನ್ ರಂಧ್ರಗಳನ್ನೂ, ಹಾಡಿನ ನಡುವೆ ಪರಸ್ಪರ ಮಾತಾಡಲೆಂದು ಒಂದು ಗುಂಡಿಯನ್ನೂ ಇಟ್ಟಿದ್ದರು. ಬಳಸುವವರು ಒಬ್ಬೊಬ್ಬರೇ ಕೇಳುವುದನ್ನು ಬಯಸಿದುದರಿಂದ ಮುಂದಿನ ಮಾದರಿಗಳಲ್ಲಿ ಆ ಗುಂಡಿಯು ಮಾಯವಾಯಿತು.

ಸಂಪಾದನೆ

ಹಳೆಯ ಯಂತ್ರಗಳು ದೊರೆಯುವ ಮೂಲಗಳು ಮುಖ್ಯವಾಗಿ ಮೂರು: ಬಂಧುಗಳ ಅಟ್ಟ, ಗುಜರಿ ಅಂಗಡಿ, ಪಳಗಿದ ರಿಪೇರಿಯವನ ಕೈ. ಇವುಗಳಲ್ಲಿ ಮೂರನೆಯದು ಬೆಲೆಯಲ್ಲಿ ಹೆಚ್ಚಾಗಿ ಕಂಡರೂ ಕೊನೆಯ ಲೆಕ್ಕದಲ್ಲಿ ಅಗ್ಗ; ಏಕೆಂದರೆ ಕೆಟ್ಟುಹೋದ ಒಂದು ಟ್ರಾನ್ಸ್‌ಫಾರ್ಮರೋ ಮುರಿದ ಒಂದು ಗೇರೋ ಇಡೀ ಯಂತ್ರದ ಬೆಲೆಯನ್ನು ನುಂಗಬಲ್ಲದು. ಹೊಸಬರು ವಿಶೇಷವಾಗಿ ಎಚ್ಚರದಿಂದಿರಬೇಕಾದುದು ಹಿತ್ತಾಳೆಯ ಕಹಳೆಯ ವಿಷಯದಲ್ಲಿ. ದೆಹಲಿ, ಮುಂಬಯಿ ಮುಂತಾದ ಕಡೆಗಳ ಹಳೆಯ ಸಾಮಾನಿನ ಬಜಾರುಗಳಲ್ಲಿ ಥಳಥಳಿಸುವ ಕಹಳೆಯನ್ನೂ ಎಚ್.ಎಂ.ವಿ.ಯ ಗುರುತಾದ ನಾಯಿಯ ಚಿತ್ರವನ್ನೂ ಹೊತ್ತು ಕುಳಿತಿರುವ ಗ್ರಾಮಫೋನುಗಳಲ್ಲಿ ಬಹುಪಾಲು, ಮುರಿದ ಕೈಪೆಟ್ಟಿಗೆಗಳ ಮೋಟಾರನ್ನು ಹೊಸ ಮರದ ಡಬ್ಬಿಗೆ ಕೂಡಿಸಿ ಮಾಡಿದ ಕೃತಕಗಳು. ಕಹಳೆಯ ಮೊಣಕೈ ಒರಟಾದ ಬೆಸುಗೆಯಿಂದ ಕೂಡಿರುವುದು, ಚೌಕ ಪೆಟ್ಟಿಗೆಗೆ ಮೊಳೆಯಿಂದ ಬಡಿದ ಹೊಸ ಹಿತ್ತಾಳೆಯ ಪಟ್ಟಿ ಇರುವುದು, ಮೋಟಾರಿಗೂ ಪೆಟ್ಟಿಗೆಗೂ ಅಳತೆ ಕೂಡದಿರುವುದು, ಇವು ಅವುಗಳ ಗುರುತುಗಳು. ಅಷ್ಟೇನೂ ಆಡಂಬರವಿಲ್ಲದ ಕಪ್ಪು ಕೈಪೆಟ್ಟಿಗೆಯೇ ನುಡಿಯಲ್ಲಿ ಅವುಗಳಿಗಿಂತ ಎಷ್ಟೋ ಮೇಲು.

ಪಾಲನೆ

ದಶಕಗಳ ಕಾಲ ಮೂಲೆಯಲ್ಲಿದ್ದ ವಾಲ್ವ್ ರೇಡಿಯೋವನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವುದು ಸರ್ವಥಾ ಸಲ್ಲದು. ಒಣಗಿದ ಎಲೆಕ್ಟ್ರೋಲಿಟಿಕ್ ಕಂಡೆನ್ಸರು ಒಮ್ಮೆಲೇ ಸಿಡಿಯಬಹುದು. ಕಾಗದದ ಕಂಡೆನ್ಸರು ಸೋರಿ, ಕೊನೆಯ ಘಟ್ಟದ ವಾಲ್ವನ್ನು ಸುಡಬಹುದು. ಬಲ್ಲ ರಿಪೇರಿಯವರು ಮೊದಲು ಒಂದು ದೀಪವನ್ನು ಸರಣಿಯಲ್ಲಿ ಸೇರಿಸಿ ವಿದ್ಯುತ್ತನ್ನು ಹರಿಯಿಸುತ್ತಾರೆ. ದೀಪವು ಪೂರ್ಣವಾಗಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆಯೆಂದೂ, ಒಮ್ಮೆ ಬೆಳಗಿ ಮಂಕಾದರೆ ಮುಂದುವರಿಯಬಹುದೆಂದೂ ತಿಳಿಯತಕ್ಕದ್ದು. ಸೆಟ್ಟಿನೊಳಗೆ 250 ವೋಲ್ಟಿನಷ್ಟು ನೇರ ವಿದ್ಯುತ್ತು ಇರುವುದುಂಟು, ಪ್ಲಗ್ಗು ಕಿತ್ತ ಮೇಲೂ ಅದು ಕಂಡೆನ್ಸರಿನಲ್ಲಿ ಉಳಿದಿರಬಹುದು. ಕೆಲವು ಅಗ್ಗದ ಮಾದರಿಗಳಲ್ಲಿ ಕಬ್ಬಿಣದ ಚಾಸಿಯೇ ನೇರವಾಗಿ ಮೈನ್ಸಿಗೆ ಕೂಡಿರುತ್ತದೆ. ಆದುದರಿಂದ ಅರಿಯದವರು ಹಿಂದಣ ರಟ್ಟನ್ನು ತೆಗೆಯದಿರುವುದೇ ಕ್ಷೇಮ. ಬಿಡಿಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಪೇಟೆಗಳು ಈಗಲೂ ಆಶ್ರಯ.

ಜರ್ಮೇನಿಯಂ ಕಾಲದ ಟ್ರಾನ್ಸಿಸ್ಟರುಗಳಲ್ಲಿ ಎಎಫ್117 ಮೊದಲಾದ ಕೆಲವು ಬಗೆಗಳು ತಮ್ಮ ಲೋಹದ ಟೋಪಿಯೊಳಗೆ ಕೂದಲಿಗಿಂತ ಸಣ್ಣ ತವರದ ಎಳೆಗಳನ್ನು ಬೆಳೆಸಿಕೊಂಡು ತಾವೇ ಶಾರ್ಟ್ ಆಗುತ್ತವೆ. ಜೇಬು ರೇಡಿಯೋ, ವಾಕ್‌ಮನ್ ಮುಂತಾದವುಗಳ ಪರಮ ಶತ್ರುವೆಂದರೆ ಒಳಗೆ ಮರೆತುಬಿಟ್ಟ ಸೆಲ್ಲು. ಸೋರಿದ ಕ್ಷಾರವು ತಾಮ್ರದ ಗೆರೆಗಳನ್ನೇ ತಿಂದುಹಾಕುತ್ತದೆ. ಕ್ಯಾಸೆಟ್ ಯಂತ್ರಗಳಲ್ಲಿ ಬೆಲ್ಟು ಕರಗಿ ಕೀಲೆಣ್ಣೆಯಂತಾಗಿರುವುದು ಸಾಮಾನ್ಯ. ಹೊಸ ಬೆಲ್ಟು ಹಾಕುವ ಮೊದಲು ಹಳೆಯದರ ಕಪ್ಪು ಜಿಡ್ಡನ್ನು ಗಾಲಿಗಳಿಂದ ಪೂರ್ತಿಯಾಗಿ ಒರೆಸತಕ್ಕದ್ದು. ಹೆಡ್ಡನ್ನು ಆಗಾಗ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಮಂಕಾದ ಧ್ವನಿಯು ಮತ್ತೆ ತಿಳಿಯಾಗುವುದು. ಆದರೆ ಇದೇ ದ್ರವವನ್ನು ಅರಗಿನ ಪ್ಲೇಟಿಗೆ ಎಂದಿಗೂ ತಾಗಿಸಬಾರದು. ಸ್ಪಿರಿಟ್ಟು ಅರಗನ್ನು ಕರಗಿಸುತ್ತದೆ. ಅರಗಿನ ತಟ್ಟೆಗೆ ತಣ್ಣನೆಯ ನೀರೂ ಒಂದು ತೊಟ್ಟು ಮೃದುವಾದ ಸೋಪೂ ಸಾಕು, ಅದೂ ನಡುವಣ ಲೇಬಲ್ಲಿಗೆ ತಗಲದಂತೆ. ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ತಟ್ಟೆಗಳಿಗೂ ಟೇಪುಗಳಿಗೂ ಬೂಷ್ಟು ಹಿಡಿಯುವುದು ತಪ್ಪಿದ್ದಲ್ಲ. ಗಾಳಿಯಾಡುವ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿ ಇಡುವುದು ಉತ್ತಮ, ಒಂದರ ಮೇಲೊಂದು ಪೇರಿಸುವುದು ಅಧಮ.

ಆಸ್ವಾದನೆ

ಪ್ರತಿಯೊಂದು ಬಗೆಯ ತಟ್ಟೆಗೂ ಅದರದೇ ಆದ ಸ್ಟೈಲಸು ಎಂಬ ಮುಳ್ಳು ಬೇಕು. 78ರ ಗೀರು ಅಗಲವಾದುದರಿಂದ ಅದರ ಸ್ಟೈಲಸಿನ ತುದಿಯು ಸುಮಾರು 75 ಮೈಕ್ರಾನು ತ್ರಿಜ್ಯದ್ದಾಗಿದ್ದು, ವಿನೈಲ್ ತಟ್ಟೆಗೆ 25 ಮೈಕ್ರಾನು ಅಥವಾ ಅದಕ್ಕೂ ಕಡಮೆ ಸಲ್ಲುತ್ತದೆ. ವೇಗದ ವಿಷಯವು ನಮ್ಮ ಸಂಗೀತದ ಮಟ್ಟಿಗೆ ಇನ್ನೂ ಸೂಕ್ಷ್ಮ. ಪೂರ್ವಕಾಲದ ಪ್ಲೇಟುಗಳೆಲ್ಲವೂ ನಿಖರವಾಗಿ 78ರಲ್ಲಿ ಮುದ್ರಿತವಾದವಲ್ಲ. ವೇಗವು ನೂರಕ್ಕೆ ಆರರಷ್ಟು ವ್ಯತ್ಯಾಸವಾದರೆ ಶ್ರುತಿಯು ಒಂದು ಸ್ವರಸ್ಥಾನದಷ್ಟು ಏರುಪೇರಾಗುತ್ತದೆ, ಗಾಯಕರ ಕಂಠವು ಅಸಹಜವಾಗಿ ಕೀರಲಾಗಿಯೋ ಗಡುಸಾಗಿಯೋ ಕೇಳಿಸುತ್ತದೆ. 50 ಹರ್ಟ್ಸ್ ವಿದ್ಯುದ್ದೀಪದ ಕೆಳಗೆ 77 ಗೆರೆಗಳ ಸ್ಟ್ರೋಬ್ ಚಕ್ರವನ್ನು ತಿರುಗಿಸಿದಾಗ ಗೆರೆಗಳು ನಿಂತಂತೆ ಕಂಡರೆ ವೇಗವು 77.92 ಎಂದು ತಿಳಿಯಬಹುದು. ಅಲ್ಲಿಂದ ಮುಂದೆ ನಿರ್ಣಯಿಸಬೇಕಾದುದು ಕಿವಿ ಮತ್ತು ಶ್ರುತಿಪೆಟ್ಟಿಗೆ.

ಹಳೆಯ ಯಂತ್ರದ ನಾದವು ಹೊಸದಕ್ಕಿಂತ ಶ್ರೇಷ್ಠವೆಂಬ ವಾದವನ್ನು ಸಾರಾಸಗಟಾಗಿ ಒಪ್ಪುವಂತಿಲ್ಲ. ಸದ್ದು, ವಿಕೃತಿ, ಸ್ವರವಿಸ್ತಾರ ಎಂಬ ಅಳತೆಗಳಲ್ಲಿ 1982ರ ಕಾಂಪ್ಯಾಕ್ಟ್ ಡಿಸ್ಕೇ ಇವೆಲ್ಲವನ್ನೂ ಮೀರಿಸಿತು. ಆದರೂ 2020ರಲ್ಲಿ ಅಮೆರಿಕದಲ್ಲಿ ವಿನೈಲ್ ತಟ್ಟೆಗಳ ಮಾರಾಟದ ಮೌಲ್ಯವು, 1980ರ ದಶಕದ ತರುವಾಯ ಮೊದಲ ಬಾರಿಗೆ, ಕಾಂಪ್ಯಾಕ್ಟ್ ಡಿಸ್ಕುಗಳದನ್ನು ದಾಟಿತು. ಕಾರಣವು ನಾದದಲ್ಲಿರುವುದಕ್ಕಿಂತ ಕೇಳುವ ಕ್ರಮದಲ್ಲಿದೆ. ತಟ್ಟೆಯನ್ನು ಆರಿಸಿ, ಧೂಳೊರೆಸಿ, ಕೀಲಿ ಕೊಟ್ಟು, ಮುಳ್ಳನ್ನಿಳಿಸಿದವನು ಆ ಮೂರು ನಿಮಿಷಗಳನ್ನು ಬೇರೊಂದು ಕೆಲಸಕ್ಕೆ ಕೊಡಲಾರ. ಇಂಥ ಏಕಾಗ್ರ ಶ್ರವಣವು ಒಬ್ಬನ ಜೀವನವನ್ನೇ ತಿರುಗಿಸಬಲ್ಲದೆಂಬುದಕ್ಕೆ ಗದಗಿನ ಭೀಮಸೇನ ಜೋಶಿಯವರೇ ನಿದರ್ಶನ. ಬಾಲ್ಯದಲ್ಲಿ ಕಿವಿಗೆ ಬಿದ್ದ ಅಬ್ದುಲ್ ಕರೀಂ ಖಾನರ ಠುಮರಿಯ ಪ್ಲೇಟು ಅವರನ್ನು ಮನೆಬಿಟ್ಟು ಗುರುವನ್ನರಸಿ ಹೊರಡುವಂತೆ ಮಾಡಿತು.

ಮೌಲ್ಯ

ಈ ಹವ್ಯಾಸದ ನಿಜವಾದ ಬೆಲೆಯು ಪೆಟ್ಟಿಗೆಗಳಲ್ಲಿರದೆ ಅವು ನುಡಿಸಬಲ್ಲ ಮುದ್ರಿಕೆಗಳಲ್ಲಿದೆ. ಗಂಗೂಬಾಯಿ ಹಾನಗಲ್ಲರು 1930ರ ದಶಕದ ಆದಿಯಲ್ಲಿ ‘ಗಾಂಧಾರಿ’ ಎಂಬ ಹೆಸರಿನಿಂದ ತೆಳುವಾದ ತಾರಕಂಠದಲ್ಲಿ ಹಾಡಿದುದನ್ನು ಕೇಳಿದಲ್ಲದೆ, ಮುಂದೆ ಅವರ ಕಂಠವು ಹೊಂದಿದ ಗಂಭೀರ ಪರಿವರ್ತನೆಯು ಅರ್ಥವಾಗದು. ಅಂದಿನ ನಾಟಕದ ಪ್ಲೇಟುಗಳು, ಊರ ಉತ್ಸವಗಳ ಸ್ಪೂಲುಗಳು, ಮನೆಯ ಹಿರಿಯರು ಹಾಡಿದ ಸಂಪ್ರದಾಯದ ಹಾಡುಗಳ ಕ್ಯಾಸೆಟ್ಟುಗಳು, ಇವುಗಳಲ್ಲಿ ಎಷ್ಟೋ ಒಂದೊಂದೇ ಪ್ರತಿಯಾಗಿ ಖಾಸಗಿ ಮನೆಗಳಲ್ಲಿವೆ. ಬೆಂಗಳೂರಿನ ಇತಿಹಾಸಕಾರ ವಿಕ್ರಂ ಸಂಪತ್ತರು ಸ್ಥಾಪಿಸಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಇಂಥ ಹಳೆಯ ಪ್ಲೇಟುಗಳನ್ನು ಡಿಜಿಟಲ್ ರೂಪಕ್ಕೆ ತಂದು ಸಾರ್ವಜನಿಕರಿಗೆ ಒದಗಿಸಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ ಮೇರೆಗೆ ಧ್ವನಿಮುದ್ರಣದ ಹಕ್ಕು ಪ್ರಕಟನೆಯ ಮರುವರ್ಷದಿಂದ 60 ವರ್ಷಗಳವರೆಗೆ ಮಾತ್ರ ಇರುವುದರಿಂದ, ಅದಕ್ಕಿಂತ ಹಿಂದಿನ ಮುದ್ರಣಗಳಿಗೆ ಆ ಹಕ್ಕಿನ ತೊಡಕು ಉಳಿದಿಲ್ಲ; ಸಾಹಿತ್ಯಕ್ಕೂ ರಾಗಸಂಯೋಜನೆಗೂ ಇರುವ ಹಕ್ಕುಗಳನ್ನು ಮಾತ್ರ ಬೇರೆಯಾಗಿ ನೋಡಿಕೊಳ್ಳಬೇಕು. ಅಟ್ಟದ ಮೇಲೆ ಪ್ಲೇಟುಗಳೋ ಟೇಪುಗಳೋ ಇರುವ ಮನೆಯವರು ಅವುಗಳನ್ನು ಗುಜರಿಯವನ ತಕ್ಕಡಿಗೆ ಹಾಕುವ ಮೊದಲು, ನುಡಿಸುವ ಯಂತ್ರವುಳ್ಳ ಒಬ್ಬರಿಗೆ ತೋರಿಸಿ, ಒಂದು ಪ್ರತಿಯನ್ನು ಮಾಡಿಸಿಡುವುದು ಉಚಿತ.